ಕೊನೆಯ ಅಂಕಣದಲ್ಲಿ ಎರಡೇ ಎಣಿಕೆ

ಜನವರಿ 12, ಭಾನುವಾರ

ಕೀಬೋರ್ಡ್ ಕ್ಲಾಸಿಗೆ ಹೇಮಾಶ್ರೀ ಇವತ್ತೂ ತಡ. ಬಾಣಾವರದ ರೈಲು ಸರಿಯಾಗಿಯೇ ಬಂದಿತ್ತು. ಅರಸೀಕೆರೆ ಸ್ಟೇಷನ್ ಮುಂದೆ ಯಾರ ಜೊತೆಗೋ ಮಾತಾಡುತ್ತ ನಿಂತಿದ್ದಳಂತೆ. ನಾದಿನಿ, ಏನೂ ಅನ್ನುವಂತಿಲ್ಲ. ಅಂದರೂ ನಗುತ್ತಾಳೆ.

ಒಂದೇ ಕೀಬೋರ್ಡು, ಇಬ್ಬರಿಗೂ ಒಂದೇ ಬೆಂಚು. ಮ್ಯೂಸಿಕ್ ಪುಸ್ತಕದ ಬಲಪುಟ ನನ್ನದು, ರಾಗ. ಎಡಪುಟ ಅವಳದು, ಕೆಳಗಿನ ಸ್ವರಗಳು. ಸಾಲಿನ ಮೊದಲಿಗೆ ಮೂರು, ಅದರ ಕೆಳಗೆ ನಾಲ್ಕು. ಅಂದರೆ ಎರಡು ಗೆರೆಗಳ ನಡುವಿನ ಪ್ರತಿ ಅಂಕಣಕ್ಕೂ ಮೂರು ಎಣಿಕೆ. ಕಪ್ಪು ಬೊಟ್ಟಿಗೆ ಒಂದು, ಟೊಳ್ಳು ಬೊಟ್ಟಿಗೆ ಎರಡು. ಇಷ್ಟು ಖಚಿತವಾದ ಬರಹ ಬೇರೆಲ್ಲೂ ನೋಡಿಲ್ಲ. ಖುಷಿ.

ಶುರು ಮಾಡುವ ರೀತಿ ಮಾತ್ರ ವಿಚಿತ್ರ. ಚಿತ್ರಾ ಮಿಸ್ ‘ಒಂದು, ಎರಡು’ ಅನ್ನುತ್ತಾರೆ, ನಾನು ಮೂರಕ್ಕೆ ಒತ್ತಬೇಕು. ಮುಂದಿನ ಒಂದಕ್ಕೆ ಹೇಮಾ ಸೇರಿಕೊಳ್ಳುತ್ತಾಳೆ.

ಜನವರಿ 14, ಸಂಜೆ

ಎಳ್ಳು ಬೀರಿ ಬಂದು ಕೂತೆ. ಲೈಬ್ರರಿಯಿಂದ ತಂದ ರಷ್ಯನ್ ಕಾದಂಬರಿಯ ಅನುವಾದ. ಒಬ್ಬನೇ ಮನುಷ್ಯನ ಹೆಸರು ಎರಡು ಥರ ಅಚ್ಚಾಗಿದೆ. ತಿದ್ದಿದೆ. ಪೆನ್ಸಿಲು ಕೈಯಲ್ಲೇ ಇತ್ತು, ಮ್ಯೂಸಿಕ್ ಪುಸ್ತಕವನ್ನೂ ತೆಗೆದೆ. ನನ್ನ ಪುಟದ ಕೊನೆಯ ಅಂಕಣದಲ್ಲಿ ಒಂದು ಟೊಳ್ಳು ಬೊಟ್ಟು, ಅಷ್ಟೇ. ಎರಡೇ ಎಣಿಕೆ! ಅಚ್ಚಿನ ತಪ್ಪು. ಒಂದು ಎಣಿಕೆಯಷ್ಟು ಸುಮ್ಮನಿರುವ ಗುರುತನ್ನು ತೆಳುವಾಗಿ ಸೇರಿಸಿದೆ. ಈಗ ಸರಿ.

ಜನವರಿ 26, ಭಾನುವಾರ

ಹಾಡನ್ನು ನಡುವೆ ನಿಲ್ಲಿಸದೆ ಎರಡು ಸಲ ನುಡಿಸಬೇಕು. ಮೊದಲ ಸಲ ಚೆನ್ನ. ಎರಡನೇ ಸಲ ಹೇಮಾ ನನಗಿಂತ ಒಂದು ಎಣಿಕೆ ಮುಂದೆ. ಎಷ್ಟು ಸಲ ನುಡಿಸಿದರೂ ಅದೇ.

“ಇವಳು ಕಾಯೋದೇ ಇಲ್ಲ ಮಿಸ್,” ಅಂದೆ.

“ನಂದು ಯಾವಾಗ್ಲೂ ಆತುರ ಬಿಡಿ ಅತ್ತಿಗೆ. ಹುಟ್ಟಿದ್ದೇ ಏಳು ತಿಂಗಳಿಗೆ.”

ಮಿಸ್ ನಗಲಿಲ್ಲ. ಬೇಲೂರಿನಲ್ಲಿ ನಾವಿಬ್ಬರೂ ವೇದಿಕೆಯ ಮೇಲೆ ನುಡಿಸಬೇಕಾದ ಕಾರ್ಯಕ್ರಮ ಹತ್ತಿರ ಬಂತು. “ಮುಂದಿನ ವಾರಾನೂ ಕೂಡ್ಲಿಲ್ಲ ಅಂದ್ರೆ ಬೇರೆ ಬೇರೆ ನುಡಿಸಿ.”

ನನಗೆ ಅದೇ ಸುಲಭವಾಗಬೇಕಿತ್ತು. ಆದರೆ ಹೇಮಾ ಪಕ್ಕದಲ್ಲಿ ಮಾತು ಹುಡುಕದೆ ಕೂರಲು ಆಗುವುದು ಆ ಬೆಂಚಿನ ಮೇಲೆ ಮಾತ್ರ. ಅದು ತಪ್ಪಿಹೋಗುವುದು ಬೇಡ…

ಫೆಬ್ರವರಿ 1, ಶನಿವಾರ

ಹಳೇಬೀಡಿನಲ್ಲಿ ಮುತ್ತಮ್ಮ ಅತ್ತೆಯ ಹೊಸ ಮನೆ ಗೃಹಪ್ರವೇಶ. ಬಸ್ಸಿನಲ್ಲಿ ನಾನು ಕಾದಂಬರಿ ಬಿಡಿಸಿದೆ. ಹೇಮಾ ಟಿಫನ್ ಬಾಕ್ಸ್ ತಟ್ಟುತ್ತ ನನ್ನ ಭಾಗವನ್ನೇ ಗುನುಗತೊಡಗಿದಳು. ಮುಗಿದ ಕೂಡಲೇ ಮತ್ತೆ ಮೊದಲಿಂದ. ಜಾವಗಲ್ ದಾಟಿದರೂ ಸುತ್ತು ನಿಲ್ಲಲಿಲ್ಲ. ತಟ್ಟು ಎಲ್ಲೂ ತಪ್ಪಲಿಲ್ಲ. ನಾನು ಸುಮ್ಮನಿರುತ್ತಿದ್ದ ಜಾಗ ಅದರಲ್ಲಿ ಇರಲೇ ಇಲ್ಲ.

ಅಭ್ಯಾಸಕ್ಕೆಂದು ತಂದಿದ್ದ ಪುಸ್ತಕ ತೆಗೆದೆ. ಮೊದಲ ಅಂಕಣ ನೋಡಿದೆ — ಒಂದೇ ಕಪ್ಪು ಬೊಟ್ಟು. ಕೊನೆಯದರಲ್ಲಿ ಎರಡು ಎಣಿಕೆ. ಸೇರಿದರೆ ಮೂರು. ಕೊನೆಯಲ್ಲಿ ಕಡಿಮೆಯಾದದ್ದು ಮೊದಲಲ್ಲೇ ಇತ್ತು. ಪುಸ್ತಕ ಸರಿ. ನನ್ನ ಪೆನ್ಸಿಲು ತಪ್ಪು.

“ಹೇಮಾ, ತಪ್ಪು ನಂದು ಕಣೇ.” ಗುರುತು ತೋರಿಸಿದೆ.

“ಅಯ್ಯೋ ಅತ್ತಿಗೆ, ಪುಸ್ತಕ ಬರ್ದೋರ್ನೇ ತಿದ್ದಿದ್ರಾ?” ಇಡೀ ಬಸ್ಸು ತಿರುಗುವಂತೆ ನಕ್ಕಳು. “ಸುಮ್‌ಸುಮ್ನೆ ನನ್ನ ಬೈಸಿದ್ರಲ್ಲ, ಒಂದು ಮಸಾಲೆ ದೋಸೆ ಆಗ್ಬೇಕು.”

“ಆಯ್ತು.”

“ಕಾಫೀನೂ.”

ರಬ್ಬರ್ ಅವಳ ಬ್ಯಾಗಿನಲ್ಲಿತ್ತು. ನಾನು ಅಳಿಸಿದೆ, ಪುಡಿಯನ್ನು ಅವಳು ಊದಿದಳು.

ಫೆಬ್ರವರಿ 2, ಭಾನುವಾರ

ಕೂಡಿತು. ಎರಡನೇ ಸಲವೂ. ಪೆನ್ಸಿಲಿನ ವಿಷಯ ಮಿಸ್‌ಗೆ ನಾನೇ ಹೇಳಿದೆ. ಹೇಮಾ ಮೊಣಕೈಯಲ್ಲಿ ತಿವಿದಳು.

ಫೆಬ್ರವರಿ 9, ಬೇಲೂರು, ಸಂಜೆ

ಪರದೆಯ ಹಿಂದೆ. ಮುಂದಿನ ಸರದಿ ನಮ್ಮದು. ಹೇಮಾ ತನ್ನ ಎಡಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದಾಳೆ. ಇವತ್ತು ಮಾತಾಡುತ್ತಿರುವುದು ನಾನು.

“ದೋಸೆ ಯಾವ ಹೋಟ್ಲಲ್ಲಿ?”

“ಸುಮ್ನಿರಿ ಅತ್ತಿಗೆ, ಎಲ್ಲಾ ಮರ್ತೋಗ್ತೈತೆ.”

ಚಪ್ಪಾಳೆ. ಮಿಸ್ ಕೈ ಬೀಸಿ ಕರೆಯುತ್ತಿದ್ದಾರೆ.

“ಬರ್ದಿದ್ದು ಸಾಕು, ಏಳಿ.” ನನ್ನ ಮೊಣಕಾಲ ಮೇಲೆ ಬೆರಳು ತಟ್ಟುತ್ತಿದ್ದಾಳೆ — ಒಂದು, ಎರಡು