ಸಂಘ ನಮಗೆ ಕೊಟ್ಟಿದ್ದು ಒಂದು ಚಿಲಕ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ಕಾರ್ಮಿಕ ದಿನಾಚರಣೆಯ ನೆಪದಲ್ಲಿ ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಕ್ಯಾಂಟೀನಿಗೆ ದಯಮಾಡಿಸಿದ್ದ ತಾವು ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಊಟಕ್ಕೆ ಎದ್ದಿರಿ. “ಈ ಸಂಘ ಗಿಂಘ ಕಟ್ಕೊಂಡು ಯಾರಮ್ಮ ಉದ್ಧಾರ ಆಗಿರೋದು? ಸಂಘ ನಿಮಗೆ ಏನು ಕೊಟ್ಟಿದೆ?” ಎಂಬುದು ಆ ಪ್ರಶ್ನೆ. ಸೂಪರ್‌ವೈಸರ್ ಕಣ್ಸನ್ನೆ ಮಾಡಿದ, ನಾವು ಚಪ್ಪಾಳೆ ತಟ್ಟಿದೆವು. ತಾವು ಅದನ್ನೇ ಉತ್ತರವೆಂದು ತಿಳಿದಿರಬಹುದು. ತಪ್ಪು ತಮ್ಮದಲ್ಲ. ಆಡಳಿತ ಮಂಡಳಿ ತೊಡಿಸಿದ್ದ ಮೈಸೂರು ಪೇಟ ತಮ್ಮ ಕಿವಿಯವರೆಗೂ ಇಳಿದಿತ್ತು.

ಉತ್ತರ ಹೇಳಬಲ್ಲವರೊಬ್ಬರು ಆ ಹೊತ್ತಿನಲ್ಲಿ ಗೇಟಿನ ಹೊರಗೆ ನಿಂತಿದ್ದರು. ತಮ್ಮ ಜೀಪು ಅವರ ಮೈಮೇಲೆ ಧೂಳೆಬ್ಬಿಸಿಕೊಂಡೇ ಒಳಗೆ ಬಂತು. ಅವರು ಜಯಲಕ್ಷ್ಮಮ್ಮ, ನಮ್ಮ ಸಂಘದ ಅಧ್ಯಕ್ಷೆ. ಅವರನ್ನು ಅಮಾನತು ಮಾಡಿ ಮಳೆಗಾಲವೂ ಹೋಯಿತು, ಚಳಿಗಾಲವೂ ಹೋಯಿತು. ಅವರ ವಿಷಯದ ಸಂಧಾನ ಸಭೆಯನ್ನು ತಾವು ಮುಂದಕ್ಕೆ ಹಾಕುತ್ತಲೇ ಇದ್ದೀರಿ. ಒಮ್ಮೆ ಕಂಪನಿಯ ವಕೀಲರಿಗೆ ಮದುವೆಯ ಊಟವಿತ್ತು, ಒಮ್ಮೆ ತಮಗೆ ತರಬೇತಿಯಿತ್ತು, ಕೊನೆಯ ಸಲ ಇದೇ ಕಾರ್ಮಿಕ ದಿನಾಚರಣೆಯ ಸಿದ್ಧತೆಯಿತ್ತು. ಕಾರ್ಮಿಕರ ದಿನವನ್ನು ಆಚರಿಸುವ ಸಡಗರದಲ್ಲಿ ಕಾರ್ಮಿಕಳೊಬ್ಬಳ ಅಹವಾಲು ಕೇಳಲು ಪುರುಸೊತ್ತು ಸಿಗದೆ ಹೋಗುವುದು ಸಹಜವೇ. ಆದ್ದರಿಂದ ಊಟ ಮುಗಿಸಿ ಬಿಡುವಾಗಿದ್ದಾಗ ಓದಲೆಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಘ ನಮಗೆ ಕೊಟ್ಟಿದ್ದು ಒಂದು ಚಿಲಕ. ಪಾಯಿಖಾನೆಯ ಬಾಗಿಲಿನ ಚಿಲಕ.

ನಕ್ಕಿರಾ? ನಗಿ, ಪರವಾಗಿಲ್ಲ. ಮೊದಮೊದಲು ನಮಗೂ ನಗು ಬಂದಿತ್ತು.

ನಮ್ಮ ಕಾರ್ಖಾನೆಯ ಹೆಬ್ಬಾಗಿಲಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆಸಿರುವುದನ್ನು ತಾವು ಭಾಷಣದಲ್ಲಿ ಬಹಳ ಮೆಚ್ಚಿಕೊಂಡಿರಿ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ಬಸ್ಸುಗಳು ಈ ಕುಟುಂಬವನ್ನು ತುಂಬಿಕೊಂಡು ಬಂದು ಬೆಳಗ್ಗೆ ಗೇಟಿನಲ್ಲಿ ಇಳಿಸುತ್ತವೆ. ಒಳಗೆ ಕಾಲಿಟ್ಟೊಡನೆ ಕುಟುಂಬದ ಹೆಣ್ಣುಮಕ್ಕಳೆಲ್ಲ ‘ಏಯ್’ ಆಗುತ್ತಾರೆ. ಕೈ ನಿಧಾನವಾದರೆ ‘ಎಮ್ಮೆ’ ಆಗುತ್ತಾರೆ. ಹೊಲಿಗೆ ಅರ್ಧ ನೂಲು ವಾರೆಯಾದರೆ ಕುಟುಂಬದ ಹಿರಿಯರು ಆ ಷರಟಿನ ಪೀಸನ್ನು ಪ್ರೀತಿಯಿಂದ ಮುಖಕ್ಕೇ ಎಸೆಯುತ್ತಾರೆ. ತಮ್ಮ ಮನೆಯಲ್ಲೂ ಹೀಗೆಯೇ ಇದ್ದರೆ ನನ್ನ ಆಕ್ಷೇಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಒಂದು ಸೋಮವಾರ ಸೂಪರ್‌ವೈಸರ್ ಲೋಕೇಶ್ ಸ್ಕ್ರೂಡ್ರೈವರ್ ಹಿಡಿದು ಬಂದು ಹೆಂಗಸರ ಪಾಯಿಖಾನೆಯ ಚಿಲಕಗಳನ್ನೆಲ್ಲ ಬಿಚ್ಚಿದ. ನಾವು ಒಳಗೆ ಕೂತು ಫೋನಿನಲ್ಲಿ ಹರಟೆ ಹೊಡೆಯುತ್ತೇವೆ, ಅದರಿಂದ ಟಾರ್ಗೆಟ್ ಬೀಳುತ್ತದೆ ಎಂಬುದು ಮೇಲಿನವರ ಸಂಶೋಧನೆ. ನಾವು ಜೊತೆಗೊಬ್ಬಳನ್ನು ಕರೆದುಕೊಂಡು ಹೋಗಿ ಬಾಗಿಲು ಹಿಡಿಸಿಕೊಳ್ಳತೊಡಗಿದೆವು. ಒಂದೇ ಸಲ ಇಬ್ಬರು ಮೆಷಿನ್ ಬಿಟ್ಟು ಏಳಕೂಡದೆಂದು ಅದಕ್ಕೂ ತಡೆಯಾಯಿತು. ಆಮೇಲೆ ಒಂದು ಕಾಲು ಚಾಚಿ ಬಾಗಿಲಿಗೆ ಒತ್ತಿ ಹಿಡಿದು ಕೂರುವ ವಿದ್ಯೆಯನ್ನು ಕಲಿತೆವು. ಯೋಗ ದಿನಾಚರಣೆಗೂ ತಮ್ಮನ್ನು ಕರೆಯುವುದಾದರೆ ಆ ಆಸನವನ್ನು ಮಾಡಿ ತೋರಿಸಬಹುದು.

ಕೆ.ಆರ್. ಪೇಟೆ ಕಡೆಯ ಸಿಂಚನ ಆಗಷ್ಟೇ ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದ್ದಳು. ನನ್ನ ಪಕ್ಕದ ಮೆಷಿನ್ ಅವಳದು. ಅವಳು ಒಳಗಿದ್ದಾಗ ನಲ್ಲಿ ರಿಪೇರಿಗೆಂದು ಬಂದ ಗಂಡಸೊಬ್ಬ ಬಾಗಿಲು ತಳ್ಳಿಬಿಟ್ಟ. ಆತ ಬೇಕೆಂದು ಮಾಡಿದ್ದಲ್ಲ, ಗಾಬರಿಬಿದ್ದು ಓಡಿಹೋದ. ಆದರೆ ಅವಳು ಅಂದಿನಿಂದ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ನಿಲ್ಲಿಸಿದಳು. ಯಾರಿಗೂ ಏನೂ ಹೇಳಲಿಲ್ಲ. ಮನೆಯಿಂದ ತಂದ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ವಾಪಸು ಹೋಗುತ್ತಿತ್ತು. ಸ್ವಲ್ಪ ದಿನಕ್ಕೆ ಉರಿಮೂತ್ರ, ಅದರ ಮೇಲೆ ಜ್ವರ. ಒಂದು ಮಧ್ಯಾಹ್ನ ಹೊಲಿಯುತ್ತಿದ್ದ ಹಾಗೆಯೇ ಮೆಷಿನ್ನಿನ ಮೇಲೆ ಬಿದ್ದಳು. ಕಾರ್ಖಾನೆಯ ನರ್ಸು ಬಿಸಿಲಿನ ಝಳ ಅಂದರು. ಊರಿನ ಡಾಕ್ಟರು ಚೆನ್ನಾಗಿ ನೀರು ಕುಡಿಯಬೇಕಮ್ಮ ಅಂದರು. ಚಿಲಕದ ವಿಷಯ ಹೇಳಿಕೊಳ್ಳಲು ನಾಚಿ ಅವಳು ಇಬ್ಬರಿಗೂ ತಲೆಯಾಡಿಸಿ ಬಂದಳು.

ಮತ್ತೆ ಕೆಲಸಕ್ಕೆ ಬಂದವಳು ಧೈರ್ಯ ಮಾಡಿ ಎಚ್.ಆರ್. ಸಾಹೇಬರ ಕೋಣೆಗೆ ಒಬ್ಬಳೇ ಹೋದಳು. ಇಷ್ಟು ಜನ ಹೆಂಗಸರಿದ್ದಾರೆ, ಯಾರಿಗೂ ಇಲ್ಲದ ತೊಂದರೆ ನಿನಗೊಬ್ಬಳಿಗೇ ಯಾಕಮ್ಮ ಎಂದು ಕೇಳಿ ಕಳಿಸಿದರು. ಆಮೇಲೆ ನಾನು ಹೋದೆ. ಬಿ.ಎ. ಓದಿದವಳು, ನನ್ನ ಮಾತಿಗೆ ಬೆಲೆ ಕೊಟ್ಟಾರು ಅಂದುಕೊಂಡಿದ್ದೆ. ನನಗೂ ಅದೇ ಮಾತು, ನಿಮಗೊಬ್ಬರಿಗೇ ಯಾಕೆ ಅಂತ. ಓದಿದ್ದಕ್ಕೆ ಬಹುವಚನವೊಂದು ಸಿಕ್ಕಿತು. ನಮ್ಮ ಲೈನಿನಲ್ಲಿ ಎಲ್ಲರಿಗಿಂತ ಹಿರಿಯರು, ನಾವೆಲ್ಲ ಅಕ್ಕ ಎಂದು ಕರೆಯುವ ಜಯಲಕ್ಷ್ಮಮ್ಮನವರೂ ಹೋಗಿ ಅದನ್ನೇ ಕೇಳಿಸಿಕೊಂಡು ಬಂದರು. ಅವರದು ಬಿಂಡಿಗನವಿಲೆ. ಮನೆಯಲ್ಲಿ ರಾಗಿ ಹೊಲವಿದೆ, ಗಂಡ ಮರಿಸ್ವಾಮಿ ನೋಡಿಕೊಳ್ಳುವ ಕುರಿಗಳಿವೆ. ಮಾತು ಕಡಿಮೆ, ಆಡಿದರೆ ಮೆತ್ತಗೆ ಆಡುವವರಲ್ಲ. ಊಟದ ಹೊತ್ತಿನಲ್ಲಿ ಸಿಂಚನ ಅಳುತ್ತಾ ತನ್ನ ಕಥೆ ಹೇಳಿಕೊಂಡಳು. ನಾನೂ ನನ್ನದನ್ನು ಹೇಳಿದೆ. ಅಕ್ಕ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ನಂಗೂ ನೀನೊಬ್ಳೇ ಅಂದ್ರು, ಈ ಮಗಿಗೂ ನೀನೊಬ್ಳೇ ಅಂದ್ರು, ನಿಂಗೂ ಅಂಗೇ ಅಂದವ್ರೆ. ಎಲ್ಲಾ ಒಟ್ಗೆ ಓಗಿ ನಿಂತ್ಕಂಡ್ರೆ ಅದೇನಂತಾರೋ ನೋಡ್ಬುಡುವ ನಡೀರವ್ವ.”

ಮಾನ್ಯರೇ, ಸಂಘ ಎಂದರೆ ಇಷ್ಟೇ. ತಾವು ಭಾಷಣದಲ್ಲಿ ಹೇಳಿದಂತೆ ಅದು ಹೊರಗಿನವರು ಬಂದು ನಮ್ಮ ತಲೆಗೆ ತುಂಬಿದ ವಿಷವಲ್ಲ. ಅವತ್ತು ನಮ್ಮ ಲೈನಿಗೆ ಲೈನೇ ಎದ್ದು ಎಚ್.ಆರ್. ಕೋಣೆಯ ಮುಂದೆ ಹೋಗಿ ನಿಂತಿತು. ಸಾಹೇಬರು ಹೊರಬಂದು, ನಿಮ್ಮ ಲೀಡರ್ ಯಾರು ಎಂದು ಕೇಳಿದರು. ಲೀಡರ್ ಯಾರೂ ಇಲ್ಲ, ಪಾಯಿಖಾನೆಗೆ ಹೋಗುವವರೆಲ್ಲ ಬಂದಿದ್ದೇವೆ ಎಂದರು ಅಕ್ಕ. ಸಾಹೇಬರು ಪರಿಶೀಲಿಸುವುದಾಗಿ ಹೇಳಿದರು. ಬಾಗಿಲಿಗೊಂದು ಚಿಲಕ ಹಾಕುವುದರಲ್ಲಿ ಪರಿಶೀಲಿಸುವಂಥದ್ದು ಏನಿರುತ್ತದೋ ನಮಗೆ ತಿಳಿಯದು. ಪರಿಶೀಲನೆ ನಡೆಯುತ್ತಲೇ ಹೋಯಿತು. ಆಗ ನಾನು ತಮ್ಮ ಕಚೇರಿಗೂ ಫೋನ್ ಮಾಡಿದ್ದೆ. ಚಿಲಕ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಅದು ಬೇರೆ ಇಲಾಖೆಯದು ಎಂಬ ಉತ್ತರ ಬಂತು. ಬಾಗಿಲು ತಮ್ಮ ವ್ಯಾಪ್ತಿಯೋ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಪರಿಚಯದವರೊಬ್ಬರ ಮೂಲಕ ಮೈಸೂರಿನಲ್ಲಿ ಗಾರ್ಮೆಂಟ್ಸ್ ಹೆಂಗಸರ ಸಂಘದ ಕೆಲಸ ಮಾಡುವ ಸಂಘಮಿತ್ರಾ ಸಿಕ್ಕಿದರು. ತಾವು ‘ಹೊರಗಿನವರು’ ಎಂದಿದ್ದು ಇವರನ್ನೇ ಇರಬೇಕು. ಅವರೂ ಷರಟಿಗೆ ಕಾಲರ್ ಹೊಲಿದೇ ಬೆನ್ನು ನೋಯಿಸಿಕೊಂಡವರು. ಸಭೆ ಸೇರಲು ಜಾಗ ಬೇಕಾಗಿತ್ತು. ಶ್ರೀರಂಗಪಟ್ಟಣದ ನಮ್ಮ ಮನೆಯ ಜಗಲಿ ಸಾಕಾಗುತ್ತದೆಂದು ನಾನು ಒಪ್ಪಿಕೊಂಡುಬಿಟ್ಟೆ. ನಮ್ಮ ತಂದೆ ದೊರೆಸ್ವಾಮಿಯವರು ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ ಮಾಡುವವರು. ಸಂಘವೆಂದರೆ ಕಲ್ಲು ಹೊಡೆಯುವವರು, ಬಸ್ಸಿಗೆ ಬೆಂಕಿ ಹಚ್ಚುವವರು ಎಂದೇ ಅವರು ತಿಳಿದಿದ್ದರು. ಭಾನುವಾರ ಬೆಳಗ್ಗೆ ಒಳಗಿನ ಕೋಣೆಯಲ್ಲಿ ಕೂತು, ಕಿಟಕಿಯ ಸಂದಿಯಿಂದ ಎಲ್ಲವನ್ನೂ ಕೇಳಿಸಿಕೊಂಡರು. ಸಿಂಚನ ಮಾತಾಡಿ ಮುಗಿಸಿದ ಮೇಲೆ ಅವರು ಎದ್ದು ಹೊರಗೆ ಬಂದರು. ಅಕ್ಕನವರು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ತಂದೆ ಅವರ ಮುಂದೆ ಹೋಗಿ ನಿಂತು, “ಬಿಸಿಲಲ್ಲಿ ಯಾಕೆ ತಾಯಿ, ಎಲ್ಲರೂ ಒಳಗೆ ಬಂದು ಕೂತ್ಕೊಳ್ಳಿ. ಪುಳಿಯೋಗರೆ ಕಲಸ್ತೀನಿ” ಎಂದರು. ಅಂದೇ ಸಂಘ ಕಟ್ಟಿ ಅಕ್ಕನನ್ನು ಅಧ್ಯಕ್ಷೆಯಾಗಿ ಆರಿಸಿದೆವು. ಅಂದಿನಿಂದ ನಮ್ಮ ಸಭೆಗಳಿಗೆ ಹಾಜರಾತಿಯೂ ಹೆಚ್ಚಿತು, ಅದರಲ್ಲಿ ಪುಳಿಯೋಗರೆಯ ಪಾಲು ಎಷ್ಟೆಂದು ಹೇಳಲಾರೆ.

ನಾವು ಮುಷ್ಕರ ಮಾಡಲಿಲ್ಲ, ಧಿಕ್ಕಾರ ಕೂಗಲಿಲ್ಲ. ನೀರು ಕುಡಿದೆವು. ಒಂದು ಬೆಳಗ್ಗೆ ಎಲ್ಲ ಲೈನಿನವರೂ ತಂತಮ್ಮ ಬಾಟಲಿಯನ್ನು ತಳ ಕಾಣುವವರೆಗೆ ಕುಡಿದು, ಒಬ್ಬೊಬ್ಬರಾಗಿ, ನಿಯಮದ ಪ್ರಕಾರ, ಕೈ ಎತ್ತಿ ಅನುಮತಿ ಕೇಳಿದೆವು. ಒಂದೇ ಸಲ ಇಬ್ಬರು ಏಳಕೂಡದಲ್ಲ, ಆದ್ದರಿಂದ ಉಳಿದವರೆಲ್ಲ ಕೈ ಎತ್ತಿಕೊಂಡೇ ಕೂತಿದ್ದೆವು. ಎತ್ತಿದ ಕೈಯಲ್ಲಿ ಷರಟು ಹೊಲಿಯಲಾಗುವುದಿಲ್ಲ. ಕಾರ್ಖಾನೆಯೊಳಗೆ ಮೆಷಿನ್ನಿನ ಸದ್ದು ನಿಂತು ಫ್ಯಾನಿನ ಸದ್ದು ಕೇಳಿಸಿತು. ಅಂದು ಬಟ್ಟೆ ಕೊಳ್ಳುವ ಪರದೇಶದ ಕಂಪನಿಯವರು ತಪಾಸಣೆಗೆ ಬರುವ ದಿನವೆಂಬುದು ಅಕ್ಕನಿಗೆ ಗೊತ್ತಿತ್ತು. ಅವರ ಕಡೆಯಿಂದ ತಪಾಸಣೆಗೆ ಬಂದಿದ್ದ ಹೆಂಗಸು ಒಳಗೆ ಕಾಲಿಟ್ಟು, ಇವರೆಲ್ಲ ಏನು ಕೇಳುತ್ತಿದ್ದಾರೆ ಎಂದು ವಿಚಾರಿಸಿದಳು. ಸಾಹೇಬರು ಇಂಗ್ಲಿಷಿನಲ್ಲಿ ಏನು ಹೇಳಿದರೋ, ಸಿಂಚನ ಎದ್ದು ಆಕೆಯ ಕೈ ಹಿಡಿದು ಪಾಯಿಖಾನೆಯ ಬಾಗಿಲಿಗೇ ಕರೆದುಕೊಂಡು ಹೋದಳು. ಅಲ್ಲಿ ಯಾವ ಭಾಷೆಯೂ ಬೇಕಾಗಲಿಲ್ಲ.

ಮರುದಿನ ಲೋಕೇಶ್ ಮತ್ತೆ ಸ್ಕ್ರೂಡ್ರೈವರ್ ಹಿಡಿದು ಬಂದ. ಚಿಲಕ ಹಾಕುತ್ತಾ, ತನ್ನನ್ನೂ ಮೇಲಿನವರು ಬಾಯಿಗೆ ಬಂದಂತೆ ಬೈಯುತ್ತಾರೆ, ತಾನೇನು ಮಾಡಲಿ ಎಂದು ಅಕ್ಕನ ಹತ್ತಿರ ಗೊಣಗಿದ.

“ಅಂಗಾದ್ರೆ ನೀನೂ ಒಂದು ಸಂಗ ಕಟ್ಕಳ್ಲಾ,” ಎಂದರು ಅಕ್ಕ. “ಸ್ಕ್ರೂ ಬಿಗಿಯಾಗಿ ತಿರುಗ್ಸು ಮೊದ್ಲು.”

ನಾವು ನಗಾಡಿಕೊಂಡು ಮನೆಗೆ ಹೋದೆವು. ಆ ವಾರ ಮುಗಿಯುವುದರೊಳಗೆ ಅಕ್ಕನಿಗೆ ಅಮಾನತಿನ ಆದೇಶ ಬಂತು. ‘ಕೆಲಸದ ಅವಧಿಯಲ್ಲಿ ಅನಗತ್ಯವಾಗಿ ನೀರು ಕುಡಿಯುವಂತೆ ಸಹೋದ್ಯೋಗಿಗಳನ್ನು ಪ್ರಚೋದಿಸಿದ್ದು’ ಎಂಬುದು ಆರೋಪ. ಕಾವೇರಿ ನೀರಿಗಾಗಿ ರಸ್ತೆಗೆ ಇಳಿದವರ ಮೇಲೆ ಕೇಸು ಬಿದ್ದದ್ದನ್ನು ನಮ್ಮ ಸೀಮೆ ಕಂಡಿದೆ. ಬಾಟಲಿ ನೀರು ಕುಡಿದದ್ದಕ್ಕೆ ಆರೋಪ ಹೊತ್ತವರು ಬಹುಶಃ ಇವರೇ ಮೊದಲಿಗರು.

ಇನ್ನು ತಮ್ಮ ಪಾತ್ರ. ಮೊದಲ ಸಂಧಾನದ ದಿನ ತಾವು ಅಕ್ಕನೊಬ್ಬರನ್ನೇ ಒಳಗೆ ಕರೆದಿರಿ. ಸಂಘ ಬಿಟ್ಟು ಕ್ಷಮಾಪಣೆ ಬರೆದುಕೊಟ್ಟರೆ ಮತ್ತೆ ಕೆಲಸ ಕೊಡಿಸುತ್ತೇನೆ, ವಯಸ್ಸಾದವರು ಯಾಕೆ ಈ ರಗಳೆ ಎಂದು ಬುದ್ಧಿ ಹೇಳಿದಿರಂತೆ. ನಾವೆಲ್ಲ ಹೊರಗೆ ವರಾಂಡದಲ್ಲಿದ್ದೆವು. ಬಾಗಿಲು ಅರ್ಧ ತೆರೆದಿತ್ತು, ಅಕ್ಕ ಹೇಳಿದ್ದು ನಮಗೂ ಕೇಳಿಸಿತು.

“ಕೆಲ್ಸ ಬೇಕು ಸಾಮಿ, ಸುಳ್ ಯಾಕೆ ಯೋಳ್ಲಿ. ಆದ್ರೆ ತಪ್ಪಾಯ್ತು ಅಂತ ಬರ್ಕೊಟ್ರೆ, ನಾಳೀಕೆ ಆ ಮಗಿ ಮಕ ಎಂಗ್ ನೋಡ್ಲಿ ನಾನು?”

ತಾವು ಆಗ ಸಭೆಯನ್ನು ಮುಂದೂಡಿದಿರಿ. ತಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿ ನೌಕರರ ಸಂಘದ ಕ್ಯಾಲೆಂಡರ್ ತೂಗುತ್ತಿತ್ತು. ತಾವೂ ಅದರ ಸದಸ್ಯರೇ ಅಲ್ಲವೇ? ವೇತನ ಪರಿಷ್ಕರಣೆಗೆ, ವರ್ಗಾವಣೆಯ ಅನ್ಯಾಯಕ್ಕೆ ತಾವು ಒಬ್ಬೊಬ್ಬರಾಗಿ ಹೋಗಿ ಸರ್ಕಾರದ ಮುಂದೆ ಕಣ್ಣೀರು ಹಾಕುತ್ತೀರೋ, ಒಟ್ಟಾಗಿ ಹೋಗಿ ನಿಲ್ಲುತ್ತೀರೋ? ಕಾರ್ಖಾನೆ ಮಾಲೀಕರಿಗೂ ಸಂಘವಿದೆ, ವಕೀಲರಿಗೂ ಇದೆ. ಎಲ್ಲರಿಗೂ ಆಗಿಬರುವ ಔಷಧಿ ಷರಟು ಹೊಲಿಯುವ ಹೆಂಗಸಿನ ಕೈಗೆ ಬಂದೊಡನೆ ವಿಷವಾಗುವುದು ಹೇಗೆ? ಒಬ್ಬಂಟಿ ಹೆಂಗಸಿನ ಗೋಳು ಕೇಳಿ ಕರುಣೆ ತೋರಿಸುವುದು ತಮಗೆ ಹಿತವಾಗಿರಬಹುದು. ನಮಗೆ ಕರುಣೆ ಬೇಡ, ಮರ್ಯಾದೆ ಬೇಕು. ಕರುಣೆ ಅವರವರ ಮನಸ್ಸಿನಂತೆ ಬರುತ್ತದೆ, ಹೋಗುತ್ತದೆ. ಮರ್ಯಾದೆ ಹಾಗಲ್ಲ, ಎದುರಿಗೆ ನಾಲ್ಕು ಜನ ನಿಂತಿದ್ದರೆ ಕೆಟ್ಟ ಮನಸ್ಸಿನವರೂ ಕೊಡಬೇಕಾಗುತ್ತದೆ.

ಅಕ್ಕ ಈಗ ಗಂಡನ ಜೊತೆ ಕುರಿ ಕಾಯುತ್ತಿದ್ದಾರೆ. ಮೆಷಿನ್ನಿಲ್ಲದೆ ಕೈ ಸುಮ್ಮನಿರುವುದಿಲ್ಲ ಅನ್ನುತ್ತಾರೆ. ಒಮ್ಮೊಮ್ಮೆ ಬೇಜಾರಾಗಿ, ನನ್ನ ಬಿಟ್ಟು ನೀವಾದರೂ ಮುಂದಕ್ಕೆ ಹೋಗಿ ಎಂದಿದ್ದೂ ಉಂಟು. ನಾವು ಕೇಳಲಿಲ್ಲ, ಈ ಸಲವೂ ಅವರನ್ನೇ ಅಧ್ಯಕ್ಷೆಯಾಗಿ ಆರಿಸಿದೆವು. ಭಾನುವಾರದ ಸಭೆಗೆ ಅವರು ನಾಗಮಂಗಲಕ್ಕೆ ಬಂದು ಬಸ್ಸು ಬದಲಾಯಿಸಿ ತಪ್ಪದೆ ಬರುತ್ತಾರೆ. ಹೋದ ವಾರ ಹೊಸದಾಗಿ ಬಂದ ಸೂಪರ್‌ವೈಸರ್ ಒಬ್ಬ ಸಿಂಚನಳನ್ನು ಏಯ್ ಎಂದು ಕರೆದ. ಅವಳು ತಿರುಗಿ ನೋಡಲಿಲ್ಲ. ಮತ್ತೆ ಕರೆದ. ಮೆಷಿನ್ ನಿಲ್ಲಿಸಿ, ಎದ್ದು ನಿಂತು, “ನಂಗೊಂದು ಹೆಸ್ರದೆ ಸಾರ್, ಸಿಂಚನ ಅಂತ” ಎಂದಳು. ಅವನು ಸುತ್ತ ನೋಡಿದ. ಲೈನಿನಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದೆವು. ಹೆಸರು ಹಿಡಿದು ಕರೆದ. ಅವಳು ಹೋದಳು.

ನಮ್ಮ ಬೇಡಿಕೆ ಸಣ್ಣದು. ಜಯಲಕ್ಷ್ಮಮ್ಮನವರ ಸಂಧಾನ ಸಭೆಯ ದಿನವನ್ನು ಈ ತಿಂಗಳೊಳಗೆ ಗೊತ್ತುಮಾಡಿ, ಅದನ್ನು ಮುಂದೂಡದೆ ನಡೆಸಿ, ಅವರನ್ನು ಅವರ ಮೆಷಿನ್ನಿಗೇ ವಾಪಸು ಕಳಿಸಿ. ಕಂಪನಿಯವರನ್ನು ಎಷ್ಟು ಹೊತ್ತು ಕೇಳುತ್ತೀರೋ ನಮ್ಮನ್ನೂ ಅಷ್ಟೇ ಹೊತ್ತು ಕೇಳಿ. ಅಕ್ಕನನ್ನು ಮಾತ್ರ ಒಳಗೆ ಕರೆಯಬೇಡಿ. ನಾವೆಲ್ಲ ಬರುತ್ತೇವೆ. ಬರುವಾಗ ಪುಳಿಯೋಗರೆ ತರುತ್ತೇವೆ, ತಮಗೂ ಒಂದು ಪಾಲು ಇರುತ್ತದೆ.

ಇಂತಿ,
ಈ ಪತ್ರ ಪೇಪರಿನಲ್ಲಿ ಅಚ್ಚಾದ ಮೇಲೆ ತನಗೂ ಅಮಾನತಿನ ಆದೇಶ ಬರುವುದೆಂದು ತಿಳಿದು, ಕಾರ್ಖಾನೆಯಲ್ಲಿದ್ದ ಊಟದ ಡಬ್ಬಿ, ಚಪ್ಪಲಿ, ಸ್ವಂತ ಕತ್ತರಿಯನ್ನು ಈಗಾಗಲೇ ಮನೆಗೆ ತಂದಿಟ್ಟುಕೊಂಡಿರುವ
ಆರತಿ,
ಕಾಲರ್ ವಿಭಾಗ
ಶ್ರೀರಂಗಪಟ್ಟಣ