ಬಾಜು ಸೀಟಿನ ಕಂಬಳಿ

ಯಪ್ಪಾ,

ರಾಯಚೂರಾಗ ತೊಗೊಂಡ ಹಳೇ ಮಾರುತಿ ಕಾರು ಇವತ್ತ ರೆಡಿ ಆತು. ಹಗುರಾಗಿ ಜೋರು ಓಡಲಿ ಅಂತ ಹಿಂದಿನ ಸೀಟು ಕಿತ್ತು ಒಗದೀನಿ. ಹೊಸ ಸೀಟ್ ಕವರಿನ ರೇಟು ಕೇಳಿ ಸುಮ್ನ ವಾಪಸ್ ಬಂದೆ. ನೀ ಮಣ್ಣಾದ ಮ್ಯಾಲೆ ಗೂಟಕ್ಕ ತೂಗತಿದ್ದ ನಿನ್ನ ಕಂಬಳಿನ ಕತ್ತರಿಸಿ, ನನ್ನ ಬಾಜು ಸೀಟಿಗೆ ಹೊಲಿಸಿದೆ.

ಗಬ್ಬೂರಿಗೆ ಹೊಂಟಾಗ ಅವ್ವ ಹಿಂದ ಹೋಗಿ ಬರೇ ತಗಡಿನ ಮ್ಯಾಲೆ ಕುಂತಳು.

"ಮುಂದ ಬಾ ಯವ್ವಾ, ಅಲ್ಲಿ ಸೀಟಿಲ್ಲ."

"ಮುಂದ ನಿಮ್ಮಪ್ಪ ಕುಂತಾನ. ನೀ ಹೊಡಿ."

ಹೊಡದೆ. ಮುಂದಿದ್ದ ಎತ್ತಿನ ಬಂಡಿನೂ ದಾಟಲಿಲ್ಲ. ಬಿಸಿಲಿಗೆ ಕಂಬಳಿ ಕಾದು ನಿನ್ನ ಮೈಯಾಗಿನ ಕುರಿ ವಾಸನಿ ಬಂತು. ರೂಢಿಗೆ ಕಿಡಕಿ ಇಳಿಸಾಕ ಕೈ ಹೋತು. ಊರು ಬರೋತನಕ ಮುಚ್ಚೇ ಇಟ್ಟೆ.