ಕಾಶಿಬಾಯಿಯ ಸುರುಳಿಹುಳು

ಅಜನಿ ರೈಲ್ವೆ ಕ್ವಾರ್ಟರ್ಸ್, ನಾಗಪುರ
19 ಜನವರಿ 1986

ಚಿ. ಸೌ. ಲಕ್ಷ್ಮವ್ವನಿಗೆ,

ನಿನ್ನ ಅಕ್ಕನ ಮನಸಾರೆ ಆಶೀರ್ವಾದಗಳು. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ನಾವಿಬ್ಬರೂ ಆರಾಮ. ನಿಮ್ಮ ಭಾವನವರಿಗೆ ಲೋಕೋ ಶೆಡ್ಡಿನಲ್ಲಿ ಈ ತಿಂಗಳು ಹಗಲು ಪಾಳಿ, ಕೆಮ್ಮೂ ಕಡಿಮೆಯಾಗಿದೆ.

ಇನ್ನು ನನ್ನ ಸುದ್ದಿ. ಲಕ್ಷ್ಮೀ, ಒಂದು ಹುಳುವಿಗೆ ನನ್ನ ಹೆಸರಿಡುತ್ತಿದ್ದಾರೆ. ನಗಬೇಡ, ಪೂರ್ತಿ ಓದು.

ನಾನು ಅಟೆಂಡರ್ ಆಗಿರುವ ಪ್ರಾಣಿಶಾಸ್ತ್ರ ವಿಭಾಗಕ್ಕೆ ಮೂರು ವರ್ಷದ ಹಿಂದೆ ದಮಯಂತಿ ಎಂಬ ಕೊಡಗಿನ ಮೇಡಂ ಪಿಎಚ್.ಡಿ. ಮಾಡಲು ಬಂದರು. ಅವರ ಯಜಮಾನರು ವಾಯುಸೇನೆಯಲ್ಲಿದ್ದಾರೆ. ಇಡೀ ವಿಭಾಗದಲ್ಲಿ ಕನ್ನಡ ಬರುವವರು ನಾವಿಬ್ಬರೇ, ಹಾಗಾಗಿ ಬೇಗ ಹೊಂದಿಕೊಂಡೆವು. ಅವರ ಅಭ್ಯಾಸವೆಲ್ಲ ಕಿತ್ತಳೆ ಗಿಡದ ಬೇರಿನ ಸುತ್ತ ಮಣ್ಣಿನಲ್ಲಿರುವ ದುಂಡುಹುಳುಗಳದು. ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲ, ಬರಿಗಣ್ಣಿಗೆ ಕಾಣವು. ಅದರಲ್ಲೊಂದು ಕುಲಕ್ಕೆ ನಾವು ಸುರುಳಿಹುಳು ಎನ್ನುತ್ತೇವೆ. ಬಿಸಿ ತಾಗಿದರೆ ಚಕ್ಕುಲಿಯ ಹಾಗೆ ಸುತ್ತಿಕೊಂಡು ಸಾಯುತ್ತದೆ. ಬಾಯಲ್ಲಿ ಬೇರು ಚುಚ್ಚಿ ಹೀರಲು ಟೊಳ್ಳು ಸೂಜಿ, ಮೈತುಂಬ ಉಂಗುರ, ಪಕ್ಕೆಯುದ್ದಕ್ಕೂ ನಾಲ್ಕು ಗೆರೆ. ಗಂಡು ಸಿಗುವುದೇ ಅಪರೂಪ, ಹೆಣ್ಣೊಂದೇ ಮೊಟ್ಟೆಯಿಟ್ಟು ವಂಶ ಬೆಳೆಸುತ್ತದೆ. ಇದನ್ನು ಹೇಳಿದಾಗ ನಿಮ್ಮ ಭಾವ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

ನನ್ನ ಕೆಲಸ ಬಾಟಲಿ ತೊಳೆಯುವುದು, ಮಣ್ಣು ಜರಡಿ ಹಿಡಿಯುವುದು. ಒಂದು ದಿನ ನನ್ನ ಕುಬಸದ ಕಸೂತಿ ನೋಡಿ ಮೇಡಂ ಯಾರು ಹಾಕಿದ್ದೆಂದು ಕೇಳಿದರು. ನಾನೇ ಎಂದೆ. ಮರುದಿನ ಬಿದಿರುಕಡ್ಡಿಯ ತುದಿಗೆ ರೆಪ್ಪೆಕೂದಲು ಅಂಟಿಸಿ ನನ್ನ ಕೈಗೆ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಅದರಿಂದ ಒಂದೊಂದೇ ಹುಳು ಎತ್ತಿ, ಗಾಜಿನ ಮೇಲಿನ ಗ್ಲಿಸರಿನ್ ಹನಿಯಲ್ಲಿ ಕೂರಿಸಿ, ಮೇಲೆ ತೆಳು ಗಾಜು ಮುಚ್ಚಬೇಕು. ಅದನ್ನೇ ಸ್ಲೈಡು ಎನ್ನುವುದು. ಇಲ್ಲಿಯ ತನಕ ಎಂಟುನೂರರ ಮೇಲೆ ಮಾಡಿದ್ದೇನೆ.

ಕಳೆದ ಸೆಪ್ಟೆಂಬರಿನಲ್ಲಿ ಕಾಟೋಲದ ಒಂದು ತೋಟದ ಮಣ್ಣು ಬಂತು. ಅದರ ಹುಳುಗಳು ನನಗೆ ಬೇರೆ ಕಂಡವು. ಬಾಲದ ತುದಿಯಲ್ಲಿ ಸಣ್ಣ ಮುಳ್ಳು. ಮೇಡಂಗೆ ತೋರಿಸಿದೆ. ಅವರು ಎರಡು ದಿನ ಪುಸ್ತಕ ತಿರುವಿ ಇನ್ನೊಂದು ವ್ಯತ್ಯಾಸ ಹಿಡಿದರು. ಬಾಲದ ಎರಡೂ ಪಕ್ಕ ಚುಕ್ಕೆಯಂಥ ರಂಧ್ರವಿರುತ್ತದೆ. ಇದಕ್ಕೆ ತೀರ ಹತ್ತಿರದ ಜಾತಿಯಲ್ಲಿ ಆ ಚುಕ್ಕೆ ಗುದದ್ವಾರಕ್ಕಿಂತ ಆರೇಳು ಉಂಗುರ ಮುಂದಿದ್ದರೆ, ನಮ್ಮದರಲ್ಲಿ ಸರಿಯಾಗಿ ಅದರ ನೇರಕ್ಕೇ ಇತ್ತು. ಹೊಸ ಜಾತಿ ಎಂದು ಬರೆದು ಅವರ ಮಾರ್ಗದರ್ಶಕರಾದ ವಾನಖೇಡೆ ಸರ್‌ಗೆ ಕೊಟ್ಟರು.

ಸರ್ ಒಪ್ಪಲಿಲ್ಲ. ಇದು ಹೊಸ ಜಾತಿಯಲ್ಲ, ಕಾಶಿಬಾಯಿಯ ಹೆಬ್ಬೆರಳಿನ ಗುರುತು ಎಂದು ಎಲ್ಲರ ಮುಂದೆ ಹೇಳಿದರು. ಗಾಜು ಜೋರಾಗಿ ಒತ್ತಿದ್ದರಿಂದ ಹುಳು ಜಜ್ಜಿ ಹಾಗೆ ಕಾಣುತ್ತಿದೆಯಂತೆ. ಇನ್ನು ಮುಂದೆ ಸ್ಲೈಡು ನಾನು ಮುಟ್ಟಬಾರದಂತೆ. ಮೇಡಂ ಮುಖ ಸಣ್ಣದಾಯಿತು. ಅವರ ಯಜಮಾನರಿಗೆ ಅಸ್ಸಾಮಿಗೆ ವರ್ಗವಾಗುವುದಿತ್ತು, ಕೆಲಸ ಮುಗಿಸಲು ಉಳಿದದ್ದು ನಾಲ್ಕೇ ತಿಂಗಳು.

ಮರುದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಕಾಟೋಲಕ್ಕೆ ಹೋದೆ. ತೋಟದವರನ್ನು ಕೇಳಿ ಏಳು ಗಿಡದ ಬುಡದಲ್ಲಿ ನಾನೇ ಅಗೆದು ಮಣ್ಣು ತಂದೆ. ಜರಡಿ ಹಿಡಿದು ಹುಳು ನೀರಿಗೆ ಇಳಿಸಿ, ವಾನಖೇಡೆ ಸರ್ ಹತ್ತಿರ ಹೋಗಿ, ನಿಮ್ಮ ಕಣ್ಣೆದುರಿಗೇ ಸ್ಲೈಡು ಮಾಡುತ್ತೇನೆ, ಇದೊಂದು ಸಲ ಕೂತು ನೋಡಿ ಎಂದೆ. ಅವರು ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಮೂವತ್ತು ಸ್ಲೈಡು ಮಾಡಿದೆ. ಮೂವತ್ತರಲ್ಲೂ ಅದೇ ಮುಳ್ಳು. ಆದರೂ ಸರ್, ಒತ್ತಿದರೆ ಹೀಗಾಗುತ್ತದೆ ಎಂದು ಹಿಡಿದದ್ದನ್ನು ಬಿಡಲಿಲ್ಲ.

ಆಗ ನನ್ನ ಮುರುಕು ಮರಾಠಿಯಲ್ಲಿ ಹೇಳಿಯೇಬಿಟ್ಟೆ, ನಿನಗೆ ನಮ್ಮ ಮಾತಿನಲ್ಲೇ ಬರೆಯುತ್ತೇನೆ: "ಒತ್ತಿದರ ಬಾಲ ಚಪ್ಪಟಿ ಆಗಬಹುದು, ಸರ. ಚುಕ್ಕಿ ಆರು ಉಂಗುರ ಹಿಂದಕ ಹೆಂಗ ಹೋಗತೈತಿ? ನೀವs ಎಣಿಸಿ ನೋಡ್ರಿ."

ಸರ್ ಮೊದಲ ಸ್ಲೈಡನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ತುಟಿಯಲ್ಲೇ ಎಣಿಸಿದರು. ಆಮೇಲೆ ಇನ್ನೊಂದು, ಮತ್ತೊಂದು. ಹನ್ನೊಂದು ಸ್ಲೈಡು ಎಣಿಸಿ ಎದ್ದರು. "ಬರೋಬರ್ ಆಹೆ, ಬಾಯಿ" ಎಂದರು, ಸರಿಯಾಗಿದೆ ಎಂದು, ಅಷ್ಟೇ. ಆದರೆ ಆ ವಾರವೇ ಚಿತ್ರ, ಅಳತೆ ಎಲ್ಲವನ್ನೂ ವಿದೇಶದ ತಜ್ಞರಿಗೆ ಕಳಿಸಿದವರೂ ಅವರೇ. ಸಂಕ್ರಾಂತಿಯ ಮರುದಿನ ಉತ್ತರ ಬಂತು: ಹೊಸ ಜಾತಿ ಹೌದು.

ಮೇಡಂ ನನ್ನನ್ನು ಕರೆದು ನಿಮ್ಮ ಹೆಸರು ಇಂಗ್ಲಿಷಿನಲ್ಲಿ ಬರೆಯಿರಿ ಎಂದರು. ಪಗಾರದ ಕಾಗದವೆಂದುಕೊಂಡು ಬರೆದುಕೊಟ್ಟೆ. ಅದರ ಕೊನೆಗೆ ಎರಡಕ್ಷರ ಸೇರಿಸಿ, ಲ್ಯಾಟಿನ್‌ನಲ್ಲಿ ಹೆಂಗಸಿನ ಹೆಸರು ಹೀಗೆ ಮುಗಿಯಬೇಕು, ಹುಳುವಿನ ಹೆಸರು ಇದೇ ಎಂದರು. ನಿಮ್ಮ ತಾಯಿಯ ಹೆಸರಿಡಬಾರದೇ ಎಂದು ಕೇಳಿದೆ.

"ಅವರು ಇದನ್ನ ನೋಡಿಲ್ಲ ಕಾಶಿಬಾಯಿ. ನೀವು ನೋಡಿದ್ರಿ."

ಅಚ್ಚಾಗಲು ಇನ್ನೂ ಆರು ತಿಂಗಳು ಬೇಕಂತೆ. ಒಂದು ಸ್ಲೈಡು ದಿಲ್ಲಿಯ ಸಂಗ್ರಹಕ್ಕೆ ಹೋಗುತ್ತದೆ. ಮುಂದೆ ಯಾವ ದೇಶದವರಿಗೆ ಈ ಹುಳು ಸಿಕ್ಕರೂ, ಅದೇ ಜಾತಿಯೋ ಅಲ್ಲವೋ ಎಂದು ತಿಳಿಯಲು ನಾನು ಕೂರಿಸಿದ ಆ ಒಂದು ಹುಳುವಿನ ಜೊತೆಗೇ ಹೋಲಿಸಬೇಕು. ನಿಮ್ಮ ಭಾವ ಇಡೀ ಶೆಡ್ಡಿಗೆ ಪೇಢೆ ಹಂಚಿ ಬಂದಿದ್ದಾರೆ. ಯಾತಕ್ಕೆಂದು ಕೇಳಿದವರಿಗೆ ಅವರಿಗೂ ಸರಿಯಾಗಿ ಹೇಳಲು ಬರಲಿಲ್ಲವಂತೆ.

ನಿನ್ನ ಶಾಲೆಯ ಮಕ್ಕಳಿಗೆ ಈ ಸಂಗತಿ ಹೇಳು. ನಿನ್ನ ಮಗಳು ಬೇಬಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಅವರ ಮನೆತನ ತಣ್ಣಗಿರಲಿ.

ನಿನ್ನ ಅಕ್ಕ,
ಕಾಶಿಬಾಯಿ

ತಾ.ಕ.: ಬೇಬಿಯ ಮದುವೆಯಲ್ಲಿ ಬೀಗರು ನನ್ನ ಕೆಲಸ ಕೇಳಿದಾಗ ನೀನು, "ನಮ್ಮಕ್ಕ ಕಾಲೇಜಿನ್ಯಾಗ ಪ್ರೊಫೆಸರ್ ಅದಾಳ್ರಿ" ಅಂದೆ. ನಾನು ಕಂಬದ ಆಚೆಗೆ ಹೂವು ಹಂಚುತ್ತಿದ್ದೆ, ಕೇಳಿಸಿತು. ನಿನ್ನ ಮಾತು ಸುಳ್ಳಾಗದಿರಲೆಂದು ಎರಡು ದಿನ ಅವರೆದುರು ಬಾಯಿ ಬಿಡಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಬಲಾರಶಾ ದಾಟುವ ತನಕ ಅಳುತ್ತಲೇ ಇದ್ದೆ. ಈ ಕಾಗದ ಬೀಗರಿಗೆ ಓದಿ ಹೇಳು. ಅಟೆಂಡರ್ ಎಂಬ ಶಬ್ದ ಬಂದಲ್ಲಿ ನುಂಗಬೇಡ.